ಕೊಂಡಿ ಒತ್ತಿ ನೋಡಿದವರು

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ಒಂದು ಕಾರ್ಡು ಸಿಕ್ಕಿತು. ಅಂಗೈಗಿಂತ ತುಸು ದೊಡ್ಡದು, ಹಳದಿಗೆ ತಿರುಗಿದ್ದು, ಕೆಳಗಿನ ಅಂಚಿನ ನಡುವೆ ಒಂದು ದುಂಡನೆಯ ತೂತು. ಒಂದು ಬದಿಗೆ ನನ್ನದೇ ಕೈಬರಹದಲ್ಲಿ ‘ಕೊತ್ತಂಬರಿ ಬೀಜ, ಉದ್ದಿನ ಬೇಳೆ, ದೊಡ್ಡ ಸೂಜಿ, ಬಿಳಿ ಸಾಕ್ಸ್’ ಎಂದಿತ್ತು. ತಿರುಗಿಸಿದರೆ ಟೈಪ್‌ರೈಟರಿನ ಮಸುಕು ಅಕ್ಷರಗಳಲ್ಲಿ ಗಿಡಗಳ ಬೇರಿನ ರೋಗಗಳ ಬಗ್ಗೆ ಬರೆದ ಯಾವುದೋ ಇಂಗ್ಲಿಷ್ ಪುಸ್ತಕದ ಹೆಸರು, ಅದರ ನಂಬರು. ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿ, “ಅಮ್ಮಾ, ಈ ತೂತು ಯಾಕದ?” ಎಂದಳು.

ನಾನು ಕೆಲಸ ಮಾಡಿದ ಗ್ರಂಥಾಲಯದಲ್ಲಿ ಪುಸ್ತಕ ಹುಡುಕಲು ಇಂಥ ಕಾರ್ಡುಗಳು ಡ್ರಾಯರಿನಲ್ಲಿ ಇರುತ್ತಿದ್ದವು, ಆ ತೂತಿನೊಳಗಿಂದ ಒಂದು ಕಬ್ಬಿಣದ ಸರಳು ಹಾಯ್ದಿರುತ್ತಿತ್ತು, ಓದುಗರು ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋಗಬಾರದೆಂದು, ಎಂದು ವಿವರಿಸಿದೆ.

“ಮತ್ತ ನೀ ಹೆಂಗ ತಂದಿ?” ಎಂದಳು.

ಉತ್ತರ ಇಷ್ಟೇ. ಕಂಪ್ಯೂಟರು ಬಂದ ಮೇಲೆ ಆ ಕಾರ್ಡುಗಳನ್ನೆಲ್ಲ ಸರಳಿನಿಂದ ಬಿಡಿಸಿ ತೆಗೆದೆವು. ಒಂದು ಬದಿ ಖಾಲಿ ಇರುವ ಅಷ್ಟು ಒಳ್ಳೆಯ ರಟ್ಟನ್ನು ಎಸೆಯಲು ಯಾರಿಗೆ ಮನಸ್ಸಾದೀತು? ನಮ್ಮ ಗ್ರಂಥಾಲಯದ ಪ್ರತಿಯೊಬ್ಬರ ಮನೆಯಲ್ಲೂ ಹತ್ತು ವರ್ಷ ಸಂತೆಯ ಯಾದಿ ಬರೆದದ್ದು ಸಸ್ಯಶಾಸ್ತ್ರದ ಬೆನ್ನ ಮೇಲೆ.

ಕಾರ್ಡು ಕೈಯಲ್ಲಿ ಹಿಡಿದು ಕೂತವಳು ಕಪಾಟು ಒರೆಸುವುದನ್ನು ಮರೆತೆ. ನನ್ನ ಸ್ವಭಾವವೇ ಹಾಗೆ. ಯಾವ ವಸ್ತು ಎಲ್ಲಿದೆ, ಯಾವುದರೊಳಗೆ ಏನಿದೆ ಎನ್ನುವುದರ ಹುಚ್ಚು ನನಗೆ ಬಾಲ್ಯದಿಂದ ಇದೆ. ಅಪ್ಪ ವಿಜಾಪುರದ ಕಡೆಯಿಂದ ಬಂದು ಪುಣೆಯ ಹತ್ತಿರ ದೇಹೂ ರೋಡಿನ ಮಿಲಿಟರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಅದರಾಚೆ ಮಿಲಿಟರಿಯವರ ಮಕ್ಕಳ ಜೊತೆ ಹಿಂದಿ. ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಒಂದೇ ಅಳತೆಯ ತಗಡಿನ ಡಬ್ಬಿಗಳು ಸಾಲಾಗಿ ಇರುತ್ತಿದ್ದವು. ಯಾವುದರ ಮೇಲೂ ಏನೂ ಬರೆದಿರಲಿಲ್ಲ. “ಮುಚ್ಚಿದ ಡಬ್ಬಿ ಕಂಡ್ರ ಇಕಿ ಕೈ ನಿಲ್ಲಂಗಿಲ್ಲ” ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಾಗ, ದೀಪಾವಳಿ ರಜೆಯಲ್ಲಿ, ನಾನು ಅಪ್ಪನ ಆಫೀಸಿನ ಅಂಟು ತಂದು ಎಲ್ಲ ಡಬ್ಬಿಗಳಿಗೂ ಚೀಟಿ ಹಚ್ಚಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದು ಕೆಳಗೆ ಗೆರೆ ಎಳೆದೆ. ಮುಂದಿನ ವಾರ ಪಕ್ಕದ ಮನೆಯ ಕಾಕೂ ಬಂದರು. ಅವ್ವ ಸ್ನಾನಕ್ಕೆ ಹೋಗಿದ್ದಳೆಂದು ತಾವೇ ಚಹಾ ಮಾಡಲು ನಿಂತು, ‘ಸಕ್ಕರಿ’ ಎಂದು ಬರೆದ ಡಬ್ಬಿಯಿಂದ ಎರಡೆರಡು ಚಮಚ ಹಾಕಿದರು. ನಡುವೆ ಯಾವಾಗಲೋ ಅವ್ವ ಆ ಡಬ್ಬಿ ತೊಳೆದು ಅದರಲ್ಲಿ ಉಪ್ಪು ತುಂಬಿದ್ದಳು. ನಾನು ಅತ್ತುಕೊಂಡು ಜಗಳಕ್ಕೆ ಹೋದರೆ ಅವ್ವ ಶಾಂತವಾಗಿ, “ನಾ ಎಲ್ಲಿ ಏನಿಟ್ಟೀನಿ ನನಗ ಗೊತ್ತದ. ನಿನ್ನ ಚೀಟಿಗೆ ಏನ್ ಗೊತ್ತದ?” ಎಂದಳು. ಎಲ್ಲ ಚೀಟಿ ಕೆರೆದು ತೆಗೆಯುವ ಕೆಲಸವೂ ನನಗೇ ಬಂತು.

ಇಂಥ ಹುಡುಗಿ ಮುಂದೆ ಗ್ರಂಥಾಲಯಕ್ಕೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ, ಮದುವೆಯಾಗಿ ಪುಣೆಯ ಧನಕವಡಿಗೆ ಬಂದ ಹೊಸತರಲ್ಲಿ, ಬೆಳೆ ಮತ್ತು ಮಣ್ಣಿನ ಸಂಶೋಧನೆ ಮಾಡುವ ಒಂದು ಸಂಸ್ಥೆಯ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಕ್ಕಿತು. ಪುಸ್ತಕ, ಪತ್ರಿಕೆಗಳ ಯಾದಿ ಮಾಡುವುದು, ಅಂದರೆ ಯಾವುದು ನಮ್ಮಲ್ಲಿದೆ, ಎಲ್ಲಿದೆ ಎಂದು ಓದುಗರಿಗೆ ತಿಳಿಯುವಂತೆ ಬರೆದಿಡುವುದು. ಇದಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಮೊದಲ ತಿಂಗಳು ನನಗೆ ನಂಬಿಕೆಯಾಗಿರಲಿಲ್ಲ.

ಗ್ರಂಥಪಾಲರು ಪರಾಂಜಪೆ ಸರ್. ತೆಳ್ಳನೆಯ ಆಳು, ಬಿಳಿ ಬುಷ್ ಶರ್ಟು, ಜೇಬಿನಲ್ಲಿ ಶಾಯಿ ಪೆನ್ನು. ಏನು ಕೇಳಿದರೂ ಉತ್ತರ ಕೊಡುವ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕ ಎರಡು ಸಲ ಒರೆಸಿದರೆ ನಾವು ಕೇಳಿದ್ದು ಒಳ್ಳೆಯ ಪ್ರಶ್ನೆ ಎಂದು ಅರ್ಥ. ಅವರು ಆಡುತ್ತಿದ್ದದ್ದು ಪುಣೆಯ ಹಳೆ ಪೇಟೆಯ, ತೊಳೆದಿಟ್ಟಂಥ ಮರಾಠಿ. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರ ಮಾತಿನ ಘನತೆ ಸ್ವಲ್ಪ ಕಡಿಮೆಯಾದರೆ ತಪ್ಪು ನನ್ನದು.

ಇನ್ನೊಬ್ಬರು ಶರಣಪ್ಪ ಕಾಕಾ. ಪುಸ್ತಕ ಎತ್ತಿಡುವುದು, ಧೂಳು ಒರೆಸುವುದು, ಹೊಸ ಸಂಚಿಕೆಗಳಿಗೆ ಮೊಹರು ಹೊಡೆಯುವುದು ಅವರ ಕೆಲಸ. ಯಾದಗಿರಿ ಕಡೆಯವರು. ಹರೆಯದಲ್ಲಿ ಮನೆಮಂದಿಯ ಜೊತೆ ಪುಣೆಗೆ ಬಂದು, ಇದೇ ಗ್ರಂಥಾಲಯ ಕಟ್ಟುವಾಗ ಇಟ್ಟಿಗೆ ಹೊತ್ತಿದ್ದರು. ಕಟ್ಟಡ ಮುಗಿದ ಮೇಲೆ ಪುಸ್ತಕದ ಪೆಟ್ಟಿಗೆಗಳನ್ನು ಮಹಡಿಗೆ ಏರಿಸಲು ನಾಲ್ಕು ದಿನಕ್ಕೆಂದು ನಿಲ್ಲಿಸಿಕೊಂಡರಂತೆ. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಮಾತಾಡುವಾಗ ಒಮ್ಮೊಮ್ಮೆ ಗೋಡೆಯ ಮೇಲೆ ಕೈಯಿಟ್ಟು, “ಇದು ನಮ್ಮವ್ವ, ನಾ ಕೂಡಿ ಏರಿಸಿದ ಗ್ವಾಡಿರಿ” ಎನ್ನುತ್ತಿದ್ದರು.

ಅವರಿಗೆ ಅಂಕಿಗಳು ಬರುತ್ತಿದ್ದವು, ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಇಂಗ್ಲಿಷ್ ಪತ್ರಿಕೆಗಳೆಲ್ಲ ಅವರಿಗೆ ಗೊತ್ತು, ರಟ್ಟಿನ ಬಣ್ಣದಿಂದ, ದಪ್ಪದಿಂದ, ಕೈಯಲ್ಲಿ ಹಿಡಿದಾಗಿನ ಭಾರದಿಂದ. ವಿಜ್ಞಾನಿಗಳು ಉದ್ದುದ್ದ ಹೆಸರು ಹೇಳಿದರೆ ಅವರು, “ಆ ಕಂದು ರಟ್ಟಿಂದು, ಒಳಗ ಹುಳದ ಚಿತ್ರ ಇರ್ತಾವಲ್ರಿ, ಅದಾ?” ಎಂದು ಕೇಳಿ ತಂದುಕೊಡುತ್ತಿದ್ದರು. ತಪ್ಪಿದ್ದನ್ನು ನಾನು ನೋಡಿಲ್ಲ.

ತೊಂಬತ್ತರ ದಶಕದ ಕೊನೆಗೆ ಒಂದು ದಿನ ಟಪಾಲಿನಲ್ಲಿ ಒಂದು ತೆಳು ಲಕೋಟೆ ಬಂತು. ನೀವು ತರಿಸುವ ಈ ಪತ್ರಿಕೆಯನ್ನು ಇನ್ನು ಮೇಲೆ ಇಂಟರ್ನೆಟ್ಟಿನಲ್ಲೂ ಓದಬಹುದು, ಇಗೋ ಅದನ್ನು ತೆರೆಯುವ ನಿಮ್ಮ ಗುಪ್ತಪದ, ಎಂದು ವಿದೇಶದ ಪ್ರಕಾಶಕರು ಬರೆದಿದ್ದರು. ಪರಾಂಜಪೆ ಸರ್ ನಮ್ಮನ್ನು ಕರೆದು, ನಿಂತುಕೊಂಡೇ ಓದಿ ಹೇಳಿದರು. ಹೊಸ ಪತ್ರಿಕೆ ಬಂದಿದೆ ಎಂಬಷ್ಟು ಮಾತು ಕಿವಿಗೆ ಬಿದ್ದದ್ದರಿಂದ ಶರಣಪ್ಪ ಕಾಕಾ ಅಭ್ಯಾಸದಂತೆ ಮೊಹರು, ಶಾಯಿಯ ಪ್ಯಾಡು ತಂದು ನಿಂತರು.

“ಎಲ್ಲಿ ಹೊಡೀಲ್ರಿ?” ಎಂದರು.

ಹೊಡೆಯಲು ಏನೂ ಇಲ್ಲ, ಇದು ಕಂಪ್ಯೂಟರಿನೊಳಗೆ ಬರುವ ಪತ್ರಿಕೆ ಎಂದು ನಾನು ಹೇಳಿದೆ.

“ಬರ್ಲಿ ಬಿಡ್ರಿ. ಬಂದ ಮ್ಯಾಲ ಯಾವ ಕಪಾಟಿನ್ಯಾಗ ಇಡೂದು?”

“ಬರಂಗಿಲ್ಲ ಕಾಕಾ. ಅದು ಅಲ್ಲೇ ಇರ್ತದ. ನಾವು ಇಲ್ಲಿಂದ ನೋಡೂದು.”

“ಅಂದ್ರ ಅವ್ರ ಮನ್ಯಾಗ ಇರ್ತದ, ನಾವು ಕಿಟಕ್ಯಾಗಿಂದ ನೋಡೂದು.” ಅವರು ಮೊಹರನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದರು. “ನಾಳೆ ಕಿಟಕಿ ಹಾಕ್ಕೊಂಡ್ರ?”

ನಾನು ನಕ್ಕೆ. ಅವರು ಏನೆಂದರು ಎಂದು ಪರಾಂಜಪೆ ಸರ್ ಕೇಳಿದಾಗ ಮರಾಠಿಯಲ್ಲಿ ತಿಳಿಸಿದೆ. ಸರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ಅಲ್ಲಿಂದ ನನ್ನ ಜೀವನದ ಅತ್ಯಂತ ಕುತೂಹಲದ ವರ್ಷಗಳು ಶುರುವಾದವು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಒಂದೇ ಪತ್ರಿಕೆ ಕಾಗದದಲ್ಲೂ ಇದ್ದು, ಕಂಪ್ಯೂಟರಿನಲ್ಲೂ ಇದ್ದರೆ ಅದು ಒಂದು ಪತ್ರಿಕೆಯೋ ಎರಡೋ ಎಂದು ಸರ್ ಮತ್ತು ನಾನು ಮೂರು ವಾರ ವಾದ ಮಾಡಿದೆವು. ಯಾದಿಯಲ್ಲಿ ಎರಡು ನಮೂದು ಬೇಕು, ಏಕೆಂದರೆ ಇರುವ ಜಾಗ ಬೇರೆ, ಎನ್ನುವುದು ಸರ್ ಪಕ್ಷ. ಒಂದೇ ಸಾಕು, ಓದುಗನಿಗೆ ಬೇಕಾದದ್ದು ಲೇಖನ, ಎರಡು ಕಡೆ ಹುಡುಕಿಸಬಾರದು, ಎನ್ನುವುದು ನನ್ನದು. ಊಟದ ಡಬ್ಬಿ ಮುಂದಿಟ್ಟುಕೊಂಡು ವಾದಿಸುತ್ತಿದ್ದೆವು. ಕೊನೆಗೆ ಸರ್ ಸೋತರು, ಅಥವಾ ಸೋತಂತೆ ಮಾಡಿದರು. ಒಂದೇ ನಮೂದಿನಲ್ಲಿ ಒಂದು ಖಾನೆ ಕಾಗದದ ಸಂಪುಟಗಳಿಗೆ, ಇನ್ನೊಂದು ಖಾನೆ ಇಂಟರ್ನೆಟ್ ವಿಳಾಸಕ್ಕೆ ಎಂದಾಯಿತು.

ಗುಪ್ತಪದಗಳು ಮಾತ್ರ ನಮ್ಮನ್ನು ಗೋಳಾಡಿಸಿದವು. ಒಂದೊಂದು ಪತ್ರಿಕೆಗೂ ಒಂದೊಂದು. ಅವನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದು ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿಡುತ್ತಿದ್ದೆ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ನನ್ನ ಕಿವಿಯ ಹತ್ತಿರ ಬಾಗಿ ಪತ್ರಿಕೆಯ ಹೆಸರು ಪಿಸುಗುಟ್ಟುತ್ತಿದ್ದರು. ನಾನೂ ಪಿಸುಮಾತಿನಲ್ಲೇ ಗುಪ್ತಪದ ಹೇಳುತ್ತಿದ್ದೆ. ನೋಡಿದವರು ಏನೆಂದುಕೊಂಡಿರಬಹುದೆಂದು ಈಗ ನಗು ಬರುತ್ತದೆ. ಒಂದು ಸಲ ನಾನು ಡ್ರಾಯರಿನ ಕೀಲಿಯನ್ನು ಪರ್ಸಿನಲ್ಲಿ ಹಾಕಿಕೊಂಡು ತಂಗಿಯ ಮದುವೆಗೆ ಸೊಲ್ಲಾಪುರಕ್ಕೆ ಹೋಗಿಬಿಟ್ಟೆ. ನಾಲ್ಕು ದಿನ ಇಡೀ ಸಂಸ್ಥೆಗೆ ಇಂಟರ್ನೆಟ್ಟಿನ ಒಂದು ಪತ್ರಿಕೆಯೂ ತೆರೆಯಲಿಲ್ಲ. ಬಂದ ಮೇಲೆ ಸರ್ ಬೈಯಲಿಲ್ಲ, ಎರಡನೆಯ ಕೀಲಿ ಮಾಡಿಸಿ ತಮ್ಮ ಜನಿವಾರಕ್ಕೆ ಕಟ್ಟಿಕೊಂಡರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಪ್ತಪದಗಳು ಹೋದವು. ನಮ್ಮ ಕಟ್ಟಡದ ಕಂಪ್ಯೂಟರುಗಳನ್ನು ಪ್ರಕಾಶಕರ ಯಂತ್ರ ತಾನೇ ಗುರುತು ಹಿಡಿದು ಬಾಗಿಲು ತೆರೆಯುವ ವ್ಯವಸ್ಥೆ ಬಂತು. ಅದೇ ಹೊತ್ತಿಗೆ ಆಗಲೇ ಕಾರ್ಡಿನಿಂದ ಕಂಪ್ಯೂಟರಿಗೆ ಹೋಗಿದ್ದ ನಮ್ಮ ಯಾದಿಯಲ್ಲಿ ಕೊಂಡಿ ಹಾಕುವ ಸೌಲಭ್ಯವೂ ಬಂತು. ಪತ್ರಿಕೆಯ ಹೆಸರಿನ ಕೆಳಗೆ ನೀಲಿ ಗೆರೆ, ಅದನ್ನು ಒತ್ತಿದರೆ ನೇರ ಪತ್ರಿಕೆಯೊಳಕ್ಕೆ. ಮೊದಲ ಕೊಂಡಿ ಹಾಕಿದ ದಿನ ಐದಾರು ಜನ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಒತ್ತಿದೆ. ಪರದೆ ಒಂದು ನಿಮಿಷ ಬಿಳಿಯಾಗಿ ಇತ್ತು. ಆಮೇಲೆ ಮೇಲಿನಿಂದ ಕೆಳಕ್ಕೆ, ತೆರೆ ಇಳಿದಂತೆ, ಮುಖಪುಟ ಮೂಡಿತು. ನನಗೆ ಆ ದಿನದಷ್ಟು ಹೆಮ್ಮೆ ಮಗಳು ಹುಟ್ಟಿದಾಗ ಬಿಟ್ಟರೆ ಇನ್ನೊಮ್ಮೆ ಆಗಿಲ್ಲ.

ಆ ಹೆಮ್ಮೆಯೇ ನನ್ನನ್ನು ಕೆಡಿಸಿತು. ಯಾವ ಪತ್ರಿಕೆ ಯಾವ ವರ್ಷದಿಂದ ಸಿಗುತ್ತದೆ ಎಂದು ಪ್ರಕಾಶಕರು ಒಂದು ದೊಡ್ಡ ಯಾದಿ ಕಳಿಸಿದ್ದರು. ನಾನು ಒಂದು ತಿಂಗಳು ಕೂತು ಅದನ್ನು ನೋಡಿಕೊಂಡು ನಮ್ಮ ನಮೂದುಗಳಲ್ಲಿ ತುಂಬಿದೆ. ‘ಮೊದಲ ಸಂಪುಟದಿಂದ ಈವರೆಗೆ, ಇಂಟರ್ನೆಟ್ಟಿನಲ್ಲಿ ಲಭ್ಯ.’ ಈ ವಾಕ್ಯವನ್ನು ಎಷ್ಟು ಸಲ ಟೈಪು ಮಾಡಿದೆನೋ. ಕೊಂಡಿ ಒತ್ತುತ್ತಿದ್ದೆ, ಮುಖಪುಟ ಬಂದರೆ ಸಾಕು, ಮುಂದಿನದಕ್ಕೆ ಹೋಗುತ್ತಿದ್ದೆ. ಒಳಗೆ ಹೋಗಿ ಹಳೆಯ ಸಂಪುಟಗಳನ್ನು ತೆರೆದು ನೋಡಲಿಲ್ಲ. ಮುಚ್ಚಿದ ಡಬ್ಬಿ ಕಂಡರೆ ಬಿಡದವಳು ಆಗ ಮಾತ್ರ ಯಾಕೆ ಬಿಟ್ಟೆ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಬೇಗ ಮುಗಿಸಿ ತೋರಿಸಬೇಕು ಎನ್ನುವ ಆತುರ, ಮತ್ತೇನಿಲ್ಲ.

ಮುಂದಿನ ವರ್ಷ ನಿರ್ದೇಶಕರಿಂದ ಒಂದು ಸೂಚನೆ ಬಂತು. ಮೊದಲ ಮಹಡಿಯನ್ನು ಖಾಲಿ ಮಾಡಿ ಕಂಪ್ಯೂಟರ್ ಕೋಣೆ ಮಾಡಬೇಕು. ಇಂಟರ್ನೆಟ್ಟಿನಲ್ಲಿ ಪೂರ್ತಿ ಸಿಗುವ ಪತ್ರಿಕೆಗಳ ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಬೇಕು. ಯಾವುವು ಪೂರ್ತಿ ಸಿಗುತ್ತವೆ ಎಂದು ಸರ್ ನನ್ನನ್ನು ಕೇಳಿದರು. ನಾನು ಯಾದಿಯಲ್ಲಿ ಹುಡುಕು ಎಂದು ಕಂಪ್ಯೂಟರಿಗೆ ಕೊಟ್ಟೆ, ಅದು ಎರಡು ಪುಟ ಹೆಸರು ಉಗುಳಿತು. ಸರ್ ಸಹಿ ಹಾಕಿ ಕಳಿಸಿದರು. ಶರಣಪ್ಪ ಕಾಕಾ ಹದಿನೈದು ದಿನ ಸಂಪುಟಗಳನ್ನು ಇಳಿಸಿ, ಸುತಳಿಯಿಂದ ಕಟ್ಟು ಕಟ್ಟಿ, ಹಿಂದಿನ ಪಡಸಾಲೆಯಲ್ಲಿ ಒಟ್ಟಿದರು. ಆ ಹದಿನೈದು ದಿನ ಅವರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ನಾನೂ ಆ ಕಡೆ ಹೋಗುವುದನ್ನು ತಪ್ಪಿಸುತ್ತಿದ್ದೆ. ಒಂದು ಶುಕ್ರವಾರ ರದ್ದಿಯವನು ಬಂದು ಸಣ್ಣ ಕೈಗಾಡಿಯಲ್ಲಿ ಕೆಲವೇ ಕಟ್ಟು ಹೇರಿಕೊಂಡು ಹೋದ. ಉಳಿದದ್ದಕ್ಕೆ ಸೋಮವಾರ ಟೆಂಪೋ ತರುತ್ತೇನೆಂದ.

ಶನಿವಾರ ಮಧ್ಯಾಹ್ನ ಕಾಕಾ ಒಂದು ಹಸಿರು ರಟ್ಟಿನ ಸಂಪುಟ ಎದೆಗವಚಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು.

“ಅಕ್ಕೋರ, ಇದು ಆ ಮಷೀನಿನ್ಯಾಗ ಅದ ಅಂದ್ರಲ್ಲ, ಒಮ್ಮಿ ತೋರಸ್ರಿ.”

“ಯಾಕ ಕಾಕಾ?”

“ಯಾಕಿಲ್ರಿ, ನೋಡ್ಬೇಕು. ಇಷ್ಟ್ ವರ್ಷ ಧೂಳ ಹೊಡದೀನಿ.” ಅವರು ಸಂಪುಟ ಬಿಚ್ಚಿ ಒಂದು ಪುಟ ತೋರಿಸಿದರು. ನುಣುಪು ಕಾಗದದ ಮೇಲೆ ಬಣ್ಣದ ಚಿತ್ರ, ಕಾಡಿಗೆ ರೋಗ ಬಂದ ಜೋಳದ ತೆನೆ. “ಇದು ನಮ್ಮ ಹೊಲದಾಗ ಬರ್ತಿತ್ತು. ಎಷ್ಟ್ ಬರೋಬರಿ ತಗದಾನ ನೋಡ್ರಿ. ಇದು ಅದ್ರಾಗ ಹೆಂಗ್ ಕಾಣ್ತದ ಅಂತ.”

ಅವರನ್ನು ಕುರ್ಚಿ ಎಳೆದು ಕೂಡಿಸಿದೆ. ಕೊಂಡಿ ಒತ್ತಿದೆ, ಮುಖಪುಟ ಬಂತು. ಸಂಪುಟಗಳ ಸಾಲು ಬಂತು. ಮೊದಲ ಸಂಪುಟದಿಂದ ಎಲ್ಲವೂ ಇದ್ದವು. ನೋಡಿದಿರಾ ಎಂಬಂತೆ ಕಾಕಾನ ಕಡೆ ತಿರುಗಿದೆ. ಅವರ ಸಂಪುಟದ ನಂಬರು ಒತ್ತಿದೆ, ಲೇಖನಗಳ ಹೆಸರು ಬಂದವು. ಜೋಳದ ಲೇಖನ ಒತ್ತಿದೆ. ‘ಈ ಲೇಖನ ಓದಲು ನಿಮಗೆ ಅನುಮತಿಯಿಲ್ಲ’ ಎಂದು ಬಂತು.

ಇನ್ನೊಮ್ಮೆ ಒತ್ತಿದೆ. ಅದರ ಹಿಂದಿನ ಸಂಪುಟ, ಮುಂದಿನ ಸಂಪುಟ. ಅನುಮತಿಯಿಲ್ಲ. ತೊಂಬತ್ತರ ದಶಕದ ನಡುವಿನ ತನಕ ಯಾವುದೂ ತೆರೆಯಲಿಲ್ಲ, ಅಲ್ಲಿಂದ ಮುಂದಿನವು ಸಲೀಸಾಗಿ ತೆರೆದವು. ಹಳೆಯವುಗಳ ಹೆಸರು ಮಾತ್ರ ನಮಗೆ, ಒಳಗಿನದು ಬೇರೆ ಒಪ್ಪಂದ ಮಾಡಿಕೊಂಡವರಿಗೆ.

“ಏನಂತದ?” ಎಂದರು ಕಾಕಾ.

“ಇಲ್ಲಂತದ.”

ಅವರು ನನ್ನ ಮುಖ ನೋಡಿದರು. ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟರು. ನಾನು ಆ ಎರಡು ಪುಟದ ಯಾದಿ ತೆಗೆದು ಒಂದೊಂದಾಗಿ ನೋಡತೊಡಗಿದೆ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಹನ್ನೊಂದು ಪತ್ರಿಕೆ ನೋಡಿ ಮುಗಿದಿತ್ತು. ಅದರಲ್ಲಿ ಏಳರ ಬಗ್ಗೆ ನಾನು ಬರೆದದ್ದು ಸುಳ್ಳು.

“ಕಾಕಾ, ಸೋಮವಾರ ನಾ ಬರೂತನಕ ಒಂದು ಕಟ್ಟೂ ಹೊರಗ ಹೋಗಬಾರದು” ಎಂದೆ.

“ಹೋಗಂಗಿಲ್ರಿ” ಎಂದರು.

ಭಾನುವಾರ ಬೆಳಿಗ್ಗೆ ಸದಾಶಿವ ಪೇಟೆಯಲ್ಲಿದ್ದ ಪರಾಂಜಪೆ ಸರ್ ಮನೆಗೆ ಹೋದೆ. ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ಮರಾಠಿಯಲ್ಲಿ ವಾಕ್ಯ ಜೋಡಿಸುತ್ತಾ ಹೋದೆ. ಆ ಇಳಿವಯಸ್ಸಿನಲ್ಲಿ, ನಿವೃತ್ತಿಗೆ ಏಳೆಂಟು ತಿಂಗಳಿರುವಾಗ, ಅವರು ನನ್ನ ಮಾತು ನಂಬಿ ಸಹಿ ಹಾಕಿದ್ದರು. ಅವರ ಹೆಂಡತಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಂದು ಕೈಗೆ ಕೊಟ್ಟರು. ನಾನು ತಟ್ಟೆ ಹಿಡಿದುಕೊಂಡೇ ಎಲ್ಲ ಹೇಳಿದೆ. ಜೋಡಿಸಿಕೊಂಡು ಹೋಗಿದ್ದ ವಾಕ್ಯಗಳು ಯಾವುವೂ ಬಾಯಿಗೆ ಬರಲಿಲ್ಲ.

ಸರ್ ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೂತರು.

“ಶುಕ್ರವಾರ ಹೋದ ಗಾಡಿಯಲ್ಲಿ ಯಾವುದು ಹೋಯಿತು?” ಎಂದರು.

ಹೇಳಿದೆ. ಮಣ್ಣಿನ ಬಗೆಗಿನ ಒಂದು ಸಣ್ಣ ಪತ್ರಿಕೆ. ಅದರ ಮೊದಲ ಹದಿನಾಲ್ಕು ಸಂಪುಟ.

“ಅದನ್ನು ತೆರೆದು ನೋಡಿದಿರಾ?”

“ನೋಡಿದೆ ಸರ್. ಅದೂ ಇಲ್ಲ.”

ಒಳಗೆ ಕುಕ್ಕರು ಮೂರು ಸಲ ಕೂಗಿತು. ಸರ್ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

“ಸುಧಾತಾಯಿ, ಅದನ್ನು ನಾನು ತರಿಸಲು ಶುರು ಮಾಡಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ” ಎಂದು ನನಗೆ ಹೇಳಿದರು ಕೊನೆಗೆ. “ಪೋಹೆ ತಿನ್ನಿ, ಆರುತ್ತದೆ. ಸಹಿ ನನ್ನದು. ನಾನೂ ಒತ್ತಿ ನೋಡಬಹುದಾಗಿತ್ತು, ನೋಡಲಿಲ್ಲ. ನಾಳೆ ಇಬ್ಬರೂ ಹೋಗಿ ಹೇಳೋಣ.”

ತಿಂದೆ. ತಟ್ಟೆ ಒಳಗೆ ಒಯ್ದಿಟ್ಟು ಬಸ್ಸು ಹಿಡಿದೆ.

ಸೋಮವಾರ ನಾವು ಹೋಗುವಷ್ಟರಲ್ಲಿ ಟೆಂಪೋ ಬಂದು ನಿಂತಿತ್ತು. ಶರಣಪ್ಪ ಕಾಕಾ ಪಡಸಾಲೆಯ ಬಾಗಿಲಿಗೆ ಅಡ್ಡವಾಗಿ, ಸಂಪುಟದ ಕಟ್ಟೊಂದರ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ರದ್ದಿಯವನು ಸಿಟ್ಟಿನಿಂದ ಮರಾಠಿಯಲ್ಲಿ ಕೂಗಾಡುತ್ತಿದ್ದ. ಕಾಕಾ ಅಷ್ಟೇ ಸಮಾಧಾನದಿಂದ, “ಸಾಹೇಬ್ ಯೇತೀಲ, ಮಗ ಉಚಲಾ” ಎನ್ನುತ್ತಿದ್ದರು, ಸಾಹೇಬರು ಬರಲಿ, ಆಮೇಲೆ ಎತ್ತು. ಬೆಳಗಿನ ಏಳಕ್ಕೇ ಬಂದು ಕೂತಿದ್ದರಂತೆ. ಅವನನ್ನು ಆ ದಿನ ಬರಿಗೈಯಲ್ಲಿ ಕಳಿಸಿದೆವು.

ನಿರ್ದೇಶಕರ ಕೋಣೆಯಲ್ಲಿ ಸರ್ ತಪ್ಪು ತಮ್ಮದೆಂದರು. ನಾನು ನಡುವೆ ಬಾಯಿ ಹಾಕಿ, ನೋಡದೆ ಬರೆದವಳು ನಾನು ಎಂದೆ. ನಿರ್ದೇಶಕರು ನಮ್ಮಿಬ್ಬರನ್ನು ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ಅವರೂ ಒಂದು ಕಾಲಕ್ಕೆ ಆ ಮಹಡಿಯಲ್ಲಿ ಕೂತು ಓದಿದವರೇ. “ಎಲ್ಲವನ್ನೂ ಸರಿಯಾಗಿ ನೋಡಲು ಎಷ್ಟು ದಿನ ಬೇಕು?” ಎಂದರು. ಮೂರು ತಿಂಗಳು ಎಂದೆ. ಕಂಪ್ಯೂಟರ್ ಕೋಣೆ ನೆಲಮಹಡಿಯ ಸಾಮಾನು ಕೋಣೆಗೆ ಹೋಯಿತು. ಕಟ್ಟುಗಳು ಮತ್ತೆ ಮೆಟ್ಟಿಲು ಏರಿದವು. ಆ ವಯಸ್ಸಿನಲ್ಲಿ ಕಾಕಾ ಅವನ್ನೆಲ್ಲ ಹೊತ್ತು ಏರಿಸಿದರು. ನಾನೂ ಸೆರಗು ಸಿಕ್ಕಿಸಿ ಎರಡೆರಡು ಸಂಪುಟ ಒಯ್ದೆ. ಹಾದಿಯಲ್ಲಿ ಅವರು ನನಗೆ ಹೇಳಿದ್ದು ಒಂದೇ ಮಾತು, “ಬೆನ್ನ ಬಗ್ಗಿಸಬ್ಯಾಡ್ರಿ, ಮಣಕಾಲ ಬಗ್ಗಿಸಿ ಎತ್ರಿ.”

ಶುಕ್ರವಾರದ ಹದಿನಾಲ್ಕು ಸಂಪುಟ ಸಿಗಲಿಲ್ಲ. ನಾನು ರದ್ದಿಯವನ ಗೋದಾಮಿಗೆ ಎರಡು ಸಲ ಹೋದೆ. ಆ ಕಾಗದ ಆಗಲೇ ಮುಂದಕ್ಕೆ ಹೋಗಿತ್ತು. ಆ ಪತ್ರಿಕೆಯ ನಮೂದನ್ನು ತಿದ್ದಲು ಕೂತಾಗ ಯಾವ ಖಾನೆಯಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ ‘ಮೊದಲ ಹದಿನಾಲ್ಕು ಸಂಪುಟ ನಮ್ಮಲ್ಲಿ ಇಲ್ಲ’ ಎಂದು ಬರೆದೆ. ಇಲ್ಲದ್ದಕ್ಕೆ ಕಾರಣ ಬರೆಯುವ ಖಾನೆ ಯಾವ ಯಾದಿಯಲ್ಲೂ ಇರುವುದಿಲ್ಲ.

ಮೂರು ತಿಂಗಳೆಂದದ್ದು ಎಂಟು ತಿಂಗಳಾಯಿತು. ಕಾಕಾ ಒಂದೊಂದೇ ಸಂಪುಟ ತರುತ್ತಿದ್ದರು. ನಾನು ಅದನ್ನು ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದೆ. ತೆರೆಯಿತೇ, ಇಲ್ಲವೇ ಎಂದು ಗುರುತು ಹಾಕಿ ಮುಗಿಸುವುದು ನನ್ನ ಆಲೋಚನೆಯಾಗಿತ್ತು. ಆದರೆ ಕಾಕಾ ಪರದೆಯ ಮುಂದೆ ಸಂಪುಟ ಬಿಚ್ಚಿಟ್ಟುಕೊಂಡು ಪುಟದ ನಂಬರು, ಚಿತ್ರ ಹೋಲಿಸತೊಡಗಿದರು. “ಇಲ್ಲಿ ನೂರಾ ಹನ್ನೆರಡು ಆದ ಮ್ಯಾಲ ನೂರಾ ಹದಿನೈದು ಬಂತ್ರಿ, ನಡುವಿಂದು ಎಲ್ಲಿ?” ನಿಜವಾಗಿಯೂ ಪುಟ ಬಿಟ್ಟುಹೋಗಿತ್ತು. “ಇಲ್ಲಿ ಎಲಿ ಹಳದಿ ಅದ, ಅಲ್ಲಿ ಕರ್ರಗ ಕಾಣ್ತದ. ಹಳದಿ ಇಲ್ಲಾಂದ್ರ ರೋಗ ಹೆಂಗ ಗೊತ್ತಾಗ್ಬೇಕ್ರಿ?” ಇಂಗ್ಲಿಷ್ ಓದಲು ಬಾರದವರು ಓದುವವರಿಗಿಂತ ಹೆಚ್ಚು ನೋಡುತ್ತಿದ್ದರು. ನಾನು ಮೊದಲ ವಾಕ್ಯ ಓದಿ ಉಳಿದದ್ದು ಸರಿಯಿರಬೇಕು ಎಂದುಕೊಳ್ಳುವವಳು. ಅವರಿಗೆ ಆ ಸೌಕರ್ಯ ಇರಲಿಲ್ಲ, ಹಾಗಾಗಿ ಪ್ರತಿ ಪುಟವನ್ನೂ ನೋಡುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ನಾನು ಟಿಪ್ಪಣಿಯಾಗಿ ನಮೂದಿನಲ್ಲಿ ಸೇರಿಸುತ್ತಾ ಹೋದೆ.

ಪರಾಂಜಪೆ ಸರ್ ನಿವೃತ್ತರಾಗುವ ಮೊದಲು ಒಂದು ದಿನ ನನ್ನ ಪಕ್ಕದಲ್ಲಿ ಕೂತು ಆ ನಮೂದುಗಳನ್ನು ನೋಡಿದರು. ಕೆಳಗೆ ‘ಪರಿಶೀಲಿಸಿದವರು’ ಎಂಬ ಖಾನೆಯಲ್ಲಿ ನನ್ನ ಹೆಸರಿನ ಮೊದಲಕ್ಷರಗಳಿದ್ದವು.

“ಹಳದಿ ಎಲೆ ನೋಡಿದವರು ನೀವಾ?” ಎಂದರು.

“ಅಲ್ಲ ಸರ್, ಶರಣಪ್ಪ.”

“ಹಾಗಾದರೆ ಇಲ್ಲಿ ಯಾಕೆ ನೀವು?”

ಶರಣಪ್ಪ ಹೊಸಮನಿ ಎನ್ನುವುದಕ್ಕೆ ‘ಎಸ್. ಎಚ್.’ ಎಂದು ಎಲ್ಲ ನಮೂದುಗಳಲ್ಲೂ ನನ್ನ ಅಕ್ಷರಗಳ ಜಾಗದಲ್ಲಿ ಹಾಕಿದೆ. ಕಾಕಾನಿಗೆ ತೋರಿಸಿದಾಗ ಪರದೆಯ ಮೇಲಿನ ಆ ಎರಡು ಅಕ್ಷರಗಳನ್ನು ನೋಡಿ, “ಇಷ್ಟಾ?” ಎಂದರು. “ಇಷ್ಟ ಕಾಕಾ, ಖಾನೆ ಸಣ್ಣದು” ಎಂದೆ. “ಇರ್ಲಿ ಬಿಡ್ರಿ, ಮುಂದಿಂದು ತಗೀರಿ” ಎಂದರು.

ಸರ್ ನಿವೃತ್ತರಾದರು. ಅದಾಗಿ ಒಂದೆರಡು ವರ್ಷಕ್ಕೆ ನಮ್ಮ ಯಾದಿಯನ್ನು ಹೊರಗಿನವರೂ ಇಂಟರ್ನೆಟ್ಟಿನಲ್ಲಿ ನೋಡುವಂತಾಯಿತು. ಒಂದು ದಿನ ಟಪಾಲಿನಲ್ಲಿ ದಕ್ಷಿಣದ ಒಂದು ಊರಿನ ಕೃಷಿ ಕಾಲೇಜಿನಿಂದ ಪತ್ರ ಬಂತು. ಗ್ರಂಥಪಾಲರಿಗೆ ಬಂದದ್ದಲ್ಲ. ಲಕೋಟೆಯ ಮೇಲೆ ‘ಮಾನ್ಯ ಎಸ್. ಎಚ್. ಅವರಿಗೆ, ಗ್ರಂಥಾಲಯ’ ಎಂದು ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಒಡೆಯದೆ ಕಾಕಾನ ಕೈಗೆ ಕೊಟ್ಟೆ.

“ನಂಗ ಯಾರ ಬರೀತಾರ್ರಿ” ಎನ್ನುತ್ತಾ ಅವರು ಲಕೋಟೆಯನ್ನು ಎರಡೂ ಕಡೆ ನೋಡಿ, ಅಂಚನ್ನು ನಿಧಾನವಾಗಿ ಹರಿದರು. ನಾನು ಓದಿ ಹೇಳಿದೆ. ಅಲ್ಲಿನ ಅಧ್ಯಾಪಕಿಯೊಬ್ಬರು ಒಂದು ಹಳೆಯ ನೀರಾವರಿ ನಕ್ಷೆಯನ್ನು ನಾಲ್ಕು ವರ್ಷದಿಂದ ಹುಡುಕುತ್ತಿದ್ದರಂತೆ. ಇಂಟರ್ನೆಟ್ಟಿನ ಸಂಪುಟದಲ್ಲಿ ಲೇಖನವಿದೆ, ಮಡಚಿದ ನಕ್ಷೆ ಇಲ್ಲ. ನಮ್ಮ ಯಾದಿಯಲ್ಲಿ ‘ನಕ್ಷೆ ಕಾಗದದ ಸಂಪುಟದಲ್ಲಿ ಇದೆ’ ಎಂಬ ಟಿಪ್ಪಣಿಯನ್ನು, ಅದರ ಕೆಳಗಿನ ಎರಡು ಅಕ್ಷರಗಳನ್ನು ನೋಡಿ ಬರೆದಿದ್ದರು. ನಕ್ಷೆ ಇನ್ನೂ ಇದೆಯೇ, ಹರಿಯದೆ ಇದೆಯೇ, ತಾವು ದಯವಿಟ್ಟು ಇನ್ನೊಮ್ಮೆ ನೋಡಿ ತಿಳಿಸುವಿರಾ ಎಂದು ಕೇಳಿದ್ದರು.

ಕಾಕಾ ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಮಹಡಿಗೆ ಹೋದರು. ಅರ್ಧ ತಾಸು ಬಿಟ್ಟು ಇಳಿದು ಬಂದು, ಕೈ ತೊಳೆದು, ನನ್ನ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತರು.

“ಬರಕೋರಿ ಅಕ್ಕೋರ. ನಕ್ಷಾ ಅದ. ನಾಕ ಮಡಿಕಿ ಅದ. ಮೂರನೇ ಮಡಿಕಿಗೆ ಬೆರಳಷ್ಟು ಹರದದ, ಹರದಲ್ಲಿ ಊರಿನ ಹೆಸರು ಯಾವ್ದೂ ಇಲ್ಲ, ಬರೇ ಹೊಲ ಅದಾವ. ಕಾಲಿವಿ ಗೆರಿ ಎಲ್ಲಾ ನೆಟ್ಟಗ ಕಾಣ್ತಾವ.”

ಬರೆದುಕೊಂಡೆ.

“ಬಂದು ನೋಡೂದಿದ್ರ ಬರ್ರಿ ಅಂತ ಬರೀರಿ. ಮಂಗಳವಾರ ಒಂದು ಬಿಟ್ಟು.”

“ಮಂಗಳವಾರ ಯಾಕ ಬ್ಯಾಡ ಕಾಕಾ? ಗ್ರಂಥಾಲಯ ತಗದಿರ್ತದಲ್ಲ.”

“ತಗದಿರ್ತದ್ರಿ. ಮಂಗಳವಾರ ನಂದು ಸೂಟಿ. ಅವ್ರು ನನ್ನ ಕೇಳ್ಕೋತ ಬರ್ತಾರ, ನಾ ಇರಬೇಕಲ್ರಿ.”

ಹಾಗೆಯೇ ಟೈಪು ಮಾಡಿದೆ. ಕೆಳಗೆ ಅವರು ಪೆನ್ನು ಒತ್ತಿ ಹಿಡಿದು, ಕನ್ನಡದಲ್ಲಿ, ಎರಡಕ್ಷರವಲ್ಲ, ಪೂರ್ತಿ ಹೆಸರು ಬರೆದರು.